ಪಹಣಿ ಯಾವ ದಾರಿಯಿಂದ ಬರಬೇಕು?

‘ಭೂಮಿ’ ಯೋಜನೆಯ ಮೊದಲ ದಿನಗಳಲ್ಲಿ ದಾರಿಯ ಪ್ರಶ್ನೆಯೇ ಇರಲಿಲ್ಲ. ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ನಿಜ. ಆದರೆ ರಾಯಚೂರು ಜಿಲ್ಲೆಯ ಮಾನ್ವಿಯದು ಮಾನ್ವಿ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿ, ದೇವದುರ್ಗದ್ದು ದೇವದುರ್ಗದಲ್ಲಿ ಇತ್ತು. ರೈತ ಹದಿನೈದು ರೂಪಾಯಿ ಕೊಟ್ಟರೆ ಪಕ್ಕದ ಕೋಣೆಯಿಂದಲೇ ಪಹಣಿ ಬರುತ್ತಿತ್ತು. ದಾಖಲೆಗಳು ಬೆಂಗಳೂರಿನ ಡೇಟಾ ಸೆಂಟರ್ ಸೇರಿದ ಮೇಲೆ ತಂತಿ ಅನಿವಾರ್ಯವಾಯಿತು.

ರಾಜ್ಯಗಳಿಗೆ ತಮ್ಮದೇ ಜಾಲ ಕಟ್ಟಿಕೊಡುವ ‘ಸ್ವಾನ್’ ಯೋಜನೆಗೆ ಕೇಂದ್ರ ಸರ್ಕಾರ 2005ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವೆಚ್ಚ 3,334 ಕೋಟಿ ರೂಪಾಯಿ. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಕೆಳಗೆ, ಕನಿಷ್ಠ 2 ಎಂಬಿಪಿಎಸ್. ನಮ್ಮಲ್ಲಿ ಅದು ಕೆ-ಸ್ವಾನ್. ಇರುವುದು ಒಂದೇ ತಂತಿಯಾದರೆ ಆಯ್ಕೆಯ ತಲೆನೋವಿಲ್ಲ. ಕಚೇರಿಗೆ ಎರಡನೆಯ ಲೈನ್ ಬಂದಾಗ ಮಾತ್ರ ಯಾರಾದರೂ ತೀರ್ಮಾನಿಸಬೇಕು: ಯಾವುದು ಯಾವುದರ ಮೇಲೆ ಹೋಗಬೇಕು? ಆ ತೀರ್ಮಾನವನ್ನು ಬರೆದಿಡುವ ಜಾಗವೇ ರೂಟ್ ಮ್ಯಾಪ್.

ಹೆಸರು ಕೇಳಿ ನಕ್ಷೆ ಎಂದುಕೊಳ್ಳಬೇಡಿ. ಅದು ನಿಯಮಗಳ ಪಟ್ಟಿ. ಅದರ ಹಿಂದಿನ ತಕರಾರು ರಾಯಚೂರಿಗೆ ಹೊಸದಲ್ಲ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ ರೈಲ್ವೆಯೂ ಮದ್ರಾಸ್ ರೈಲ್ವೆಯೂ ಕೂಡಿದ್ದು ಇಲ್ಲಿಯೇ, ನಿಜಾಮರ ಸೀಮೆಯಲ್ಲಿ. ಹಳಿ ಒಂದಾದರೂ ಕಂಪನಿಗಳು ಎರಡು; ಯಾರ ಬಂಡಿ ಯಾರ ಹಳಿ ಮೇಲೆ ಓಡಬಹುದು ಎಂಬುದು ಒಪ್ಪಂದದ ಮಾತು, ದೂರದ ಲೆಕ್ಕವಲ್ಲ.

ಇಂಟರ್ನೆಟ್ಟಿಗೂ 1980ರ ದಶಕದ ಕೊನೆಗೆ ಇದೇ ಸಂಕಟ ಬಂತು. ಅಮೆರಿಕದ ಎನ್‌ಎಸ್‌ಎಫ್‌ನೆಟ್ ಸರ್ಕಾರದ ದುಡ್ಡಿನ ಜಾಲ. ಸಂಶೋಧನೆ, ಶಿಕ್ಷಣಕ್ಕೆ ಸೈ, ವ್ಯಾಪಾರಕ್ಕೆ ಕೂಡದು. ಆದರೆ ಆಗಿನ ಇಜಿಪಿ ಎಂಬ ವಿಧಾನಕ್ಕೆ ಇಂಥ ಕಟ್ಟುಪಾಡು ಹೇಳುವ ಶಕ್ತಿ ಸಾಲದಾಗಿತ್ತು. 1989ರ ಜನವರಿಯಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನಡೆದ ಇಂಜಿನಿಯರುಗಳ ಸಭೆಯ ನಡುವೆ, ಊಟದ ಹೊತ್ತಿನಲ್ಲಿ, ಸಿಸ್ಕೊದ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೊವ್ ರೆಕ್ಟರ್ ಕೈ ಒರೆಸುವ ನ್ಯಾಪ್‌ಕಿನ್ ಮೇಲೆ ಹೊಸ ವಿಧಾನದ ರೂಪುರೇಷೆ ಗೀಚಿದರು. ಜೂನ್‌ನಲ್ಲಿ ಅದು ಬಿಜಿಪಿ ಎಂದು ಪ್ರಕಟವಾಯಿತು. ಇವತ್ತಿಗೂ ಜಗತ್ತಿನ ಜಾಲಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವುದು ಅದರ ನಾಲ್ಕನೆಯ ಆವೃತ್ತಿಯಲ್ಲಿ. ಯಾರ ದಾರಿಯನ್ನು ನಂಬಬೇಕು, ಯಾವುದನ್ನು ಮೇಲು ಎನ್ನಬೇಕು ಎಂದು ಆಯಾ ಜಾಲದವರು ಬರೆದುಕೊಳ್ಳಲು ರೂಟ್ ಮ್ಯಾಪ್ ಬಂತು. ಮೊದಲು ರೂಟರ್‌ಗಳ ಮಾತಾಗಿದ್ದ ಇದು, ದಾರಿ ಹುಡುಕಬಲ್ಲ ಲೇಯರ್-3 ಸ್ವಿಚ್‌ಗಳು ಬಂದ ಮೇಲೆ ಅವಕ್ಕೂ ಇಳಿಯಿತು.

ಬರೆಯುವ ಕ್ರಮ ಸರಳ. ಪ್ರತಿ ನಿಯಮಕ್ಕೆ ಒಂದು ಸಂಖ್ಯೆ: 10, 20, 30. ಮುಂದೆ ನಡುವೆ ಏನಾದರೂ ತುರುಕಲು ಜಾಗ ಬೇಕಲ್ಲ, ಅದಕ್ಕೇ ಹತ್ತರ ಅಂತರ. ನಿಯಮದಲ್ಲಿ ‘ಪರ್ಮಿಟ್’ ಅಥವಾ ‘ಡಿನೈ’, ಆಮೇಲೆ ‘ಮ್ಯಾಚ್’, ಆಮೇಲೆ ‘ಸೆಟ್’. ಡೇಟಾ ಸೆಂಟರ್‌ನ ವಿಳಾಸಕ್ಕೆ ಹೋಗುವ ದಾರಿ ಸರ್ಕಾರಿ ಲೈನಿನಿಂದ ಬಂದಿದ್ದರೆ, ಅದರ ‘ಲೋಕಲ್ ಪ್ರಿಫರೆನ್ಸ್’ 200 ಮಾಡು. ಒಪ್ಪಿಕೊಂಡೂ ಅಂಕ ಹೇಳದೆ ಬಿಟ್ಟ ದಾರಿಗೆ 100. ಹೆಚ್ಚಿನದು ಗೆಲ್ಲುತ್ತದೆ, ಹಾದಿ ಸುತ್ತಾದರೂ ಸರಿ. ಸರ್ಕಾರಿ ಲೈನ್ ಬಿದ್ದರೆ 100ರದ್ದು ತಾನಾಗಿ ಮುಂದೆ ಬರುತ್ತದೆ. ಮೇಲಿನಿಂದ ಓದುತ್ತಾ, ಮೊದಲು ಹೊಂದಿದ ನಿಯಮಕ್ಕೇ ನಿಲ್ಲುವುದು ಸಾಮಾನ್ಯ ರೂಢಿ. ಹಾಗಾಗಿ ಸಾಲುಗಳ ಕ್ರಮವೇ ಅಧಿಕಾರ.

ಈ ನಿಯಮಗಳ ಕಾವಲು ಸಡಿಲಾದರೆ ಏನಾಗುತ್ತದೆಂದು 2008ರ ಫೆಬ್ರುವರಿ 24 ತೋರಿಸಿತು. ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಪಾಕಿಸ್ತಾನ ಟೆಲಿಕಾಂ ಹಾಕಿದ ಸುಳ್ಳು ದಾರಿ ಹೊರಗೆ ಸೋರಿತು. ಅದಕ್ಕೆ ಹೊರಜಗತ್ತಿನ ಸಂಪರ್ಕ ಕೊಡುತ್ತಿದ್ದ ಮೇಲಿನ ಕಂಪನಿ ಅದನ್ನು ಸೋಸದೆ ಹಂಚಿತು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ.

ಬಿಗಿ ಹೆಚ್ಚಾದರೂ ಕಷ್ಟ. ಪಟ್ಟಿಯ ಕೊನೆಯಲ್ಲಿ ಯಾರೂ ಬರೆಯದ ಒಂದು ‘ಡಿನೈ’ ಇರುತ್ತದೆ. ಯಾವ ನಿಯಮಕ್ಕೂ ಹೊಂದದ ದಾರಿ ಅಲ್ಲಿಗೆ ಮುಗಿಯಿತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಮಾನ್ವಿಯಿಂದ ಬೇರೆಯಾದ ಸಿರವಾರವೂ ಒಂದು. ಇಂಥ ಹೊಸ ಕಚೇರಿಗೆ ಹೊಸ ವಿಳಾಸದ ಸರಣಿ ಕೊಟ್ಟು, ಜಿಲ್ಲಾ ಕೇಂದ್ರದ ಪಟ್ಟಿಗೆ ಅದನ್ನು ಸೇರಿಸಲು ಮರೆತರೆ, ಗೆಜೆಟ್ಟಿನಲ್ಲಿ ತಾಲ್ಲೂಕು ಇರುತ್ತದೆ, ಕೇಬಲ್ಲೂ ಇರುತ್ತದೆ, ಪಹಣಿ ಮಾತ್ರ ಬರುವುದಿಲ್ಲ.