ಗರ್ಭಿಣಿಯ ಮರೆವು

ಬಸುರಿಯ ಬಯಕೆಗೆ ಆಯುರ್ವೇದದ ಪ್ರಾಚೀನರು ದೌಹೃದವೆಂದು ಸೊಗಸಾದ ಹೆಸರನ್ನಿಟ್ಟರು. ಎರಡು ಹೃದಯಗಳನ್ನು ಹೊತ್ತವಳು ದೌಹೃದಿನಿ. ಅವಳ ಬಯಕೆಗೆ ದೊರೆತ ಗೌರವ ಅವಳ ಮರೆವಿಗೆ ದೊರೆಯಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದರೆ, ಬೀಗದ ಕೈ ಎಲ್ಲೋ ಉಳಿದರೆ, ಮನೆಯವರು ನಕ್ಕು ಸುಮ್ಮನಾಗುವರು; ಕಚೇರಿಯಲ್ಲಾದರೆ ನಗೆಯ ಹಿಂದೆ ಸಂಶಯವೂ ಇಣುಕುವುದು. ಈ ನಗೆಯಲ್ಲಿ ಸತ್ಯವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ಸತ್ಯದ ಪಾಲು. ಗರ್ಭ ನಿಂತ ಕೆಲವು ವಾರಗಳಲ್ಲಿ ಮಾಸು ತಾನೇ ಒಂದು ಗ್ರಂಥಿಯಂತಾಗಿ ಈಸ್ಟ್ರೊಜೆನ್, ಪ್ರೊಜೆಸ್ಟರೋನ್ ಎಂಬ ಹಾರ್ಮೋನುಗಳನ್ನು ಸ್ರವಿಸತೊಡಗುತ್ತದೆ. ತಿಂಗಳು ತುಂಬಿದಂತೆಲ್ಲ ರಕ್ತದಲ್ಲಿ ಅವುಗಳ ಪ್ರಮಾಣ ಏರುತ್ತದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಥಟ್ಟನೆ ಇಳಿದುಬಿಡುತ್ತದೆ. ಮಿದುಳಿನ ನರಕೋಶಗಳಲ್ಲಿಯೂ ಇವುಗಳನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆ. 2018ರಲ್ಲಿ ಆಸ್ಟ್ರೇಲಿಯದ ಸಂಶೋಧಕರು 20 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ ಗರ್ಭಿಣಿಯರ ಸ್ಮರಣೆ, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ, ತುಸು ಹಿಂದೆ ಬಿದ್ದುದು ಕಂಡಿತು. ಆ ಕೊರತೆಯೂ ಬಹುಮಟ್ಟಿಗೆ ಆರೋಗ್ಯವಂತರ ಸಹಜ ಮಿತಿಯೊಳಗೇ ಇದ್ದಿತು.

ಇನ್ನು ಮಿದುಳಿನ ರೂಪದ ಮಾತು. ಸ್ಪೇನಿನ ಬಾರ್ಸಿಲೋನದಲ್ಲಿ ಎಲ್ಸೆಲೀನ್ ಹೂಕ್ಸೆಮ, ಸುಸಾನಾ ಕಾರ್ಮೋನಾ ಮೊದಲಾದವರು 25 ಮಂದಿ ಚೊಚ್ಚಲ ತಾಯಂದಿರ ಮಿದುಳನ್ನು ಗರ್ಭಧಾರಣೆಗೆ ಮೊದಲೂ ಹೆರಿಗೆಯ ಅನಂತರವೂ ಯಂತ್ರದಿಂದ ಚಿತ್ರಿಸಿ, 2016ರ ಕೊನೆಯಲ್ಲಿ ವರದಿಯನ್ನು ಪ್ರಕಟಿಸಿದರು. ಕೆಲವು ಭಾಗಗಳಲ್ಲಿ ಬೂದುದ್ರವ್ಯ ಕುಗ್ಗಿತ್ತು. ಎರಡು ವರ್ಷಗಳ ಮೇಲೂ ಬಹುಪಾಲು ಹಾಗೆಯೇ ಉಳಿದಿತ್ತು. ಹೊಸದಾಗಿ ತಂದೆಯರಾದವರಲ್ಲಿ ಈ ಬದಲಾವಣೆ ಕಾಣಲಿಲ್ಲ.

ಕುಗ್ಗಿತೆಂದ ಮಾತ್ರಕ್ಕೆ ಹೌಹಾರಬೇಕಾಗಿಲ್ಲ. ಕುಗ್ಗಿದುದು ಇನ್ನೊಬ್ಬರ ಮನಸ್ಸನ್ನು ಊಹಿಸುವಾಗ ನಾವು ಬಳಸುವ ಭಾಗಗಳಲ್ಲಿ. ತಮ್ಮ ಮಗುವಿನ ಚಿತ್ರವನ್ನು ಕಂಡಾಗ ಆ ತಾಯಂದಿರಲ್ಲಿ ಚುರುಕಾದುವೂ ಇವುಗಳಲ್ಲಿಯೇ ಕೆಲವು. ಬದಲಾವಣೆ ಹೆಚ್ಚಾದವರಲ್ಲಿ ಮಗುವಿನೊಡನೆ ಅನುಬಂಧವೂ ಹೆಚ್ಚಾಗಿತ್ತು; ಸ್ಮರಣೆಯ ಪರೀಕ್ಷೆಯಲ್ಲಿ ಗಣನೀಯವಾದ ನಷ್ಟ ತೋರಲಿಲ್ಲ. ಹರೆಯದಲ್ಲಿಯೂ ಬೂದುದ್ರವ್ಯ ತೆಳುವಾಗುತ್ತದೆ. ಅದನ್ನು ನಾವು ಪಕ್ವತೆಯೆಂದೇ ಕರೆಯುತ್ತೇವೆ. ಮಲ್ಲಿಗೆಯ ಬಳ್ಳಿಯನ್ನು ಸವರಿದವನನ್ನು ಬಳ್ಳಿ ಕೊಂದವನೆಂದು ಯಾರೂ ದೂರುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದ ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ತಮ್ಮ ಬಸಿರನ್ನೇ ಅಧ್ಯಯನಕ್ಕೆ ಒಡ್ಡಿದರು. ಗರ್ಭಧಾರಣೆಗೆ ಮೂರು ವಾರ ಮೊದಲಿನಿಂದ ಹೆರಿಗೆಯಾಗಿ ಎರಡು ವರ್ಷದವರೆಗೆ 26 ಬಾರಿ ಅವರ ಮಿದುಳಿನ ಚಿತ್ರಗಳನ್ನು ತೆಗೆಯಲಾಯಿತು. ಬೂದುದ್ರವ್ಯ ಇಳಿಯುತ್ತಿದ್ದಾಗಲೇ, ಮಿದುಳಿನ ಭಾಗಗಳನ್ನು ಹೆಣೆಯುವ ನರತಂತುಗಳು ಬಸಿರಿನ ನಡುಗಾಲದಲ್ಲಿ ಬಲಗೊಂಡು, ಬಳಿಕ ಮೊದಲಿನಂತಾದುವು. 2024ರಲ್ಲಿ ಹೊರಬಂದ ಈ ವರದಿಯ ಲೇಖಕರಲ್ಲಿ ಆಕೆಯೂ ಒಬ್ಬರು. ಬಸುರಿಯ ಬುದ್ಧಿಯನ್ನು ಶಂಕಿಸುವವರು ಇದನ್ನು ಗಮನಿಸಬೇಕು.

ಈ ಅರಿವಿಗೆ ಇನ್ನೂ ಗಂಭೀರವಾದ ಪ್ರಯೋಜನವಿದೆ. ಹೆರಿಗೆಯ ಬಳಿಕ ಕೆಲವು ಬಾಣಂತಿಯರು ಆಳವಾದ ಖಿನ್ನತೆಗೆ ಜಾರುತ್ತಾರೆ; ಹಾರ್ಮೋನುಗಳ ಹಠಾತ್ ಇಳಿತಕ್ಕೂ ಇದಕ್ಕೂ ನಂಟಿದೆಯೆಂದು ವೈದ್ಯರು ಭಾವಿಸುತ್ತಾರೆ. ದೇಹದಲ್ಲಿ ಪ್ರೊಜೆಸ್ಟರೋನಿನಿಂದ ಹುಟ್ಟುವ ಒಂದು ವಸ್ತುವನ್ನೇ ಔಷಧವಾಗಿ ಅಮೆರಿಕ 2019ರಲ್ಲಿ ಅಂಗೀಕರಿಸಿತು. ಹೆತ್ತವಳ ಅಳುವನ್ನು ಹಟವೆಂದೋ ದೃಷ್ಟಿದೋಷವೆಂದೋ ತಳ್ಳಿಹಾಕುವ ಮನೆಗಳು ಇಂದಿಗೂ ಇವೆ. ಅಂಥ ಮನೆಯಲ್ಲಿ ಚಿಕಿತ್ಸೆ ತಡವಾಗುತ್ತದೆ. ಒಮ್ಮೊಮ್ಮೆ ಜೀವಕ್ಕೇ ಕುತ್ತು ಬರುತ್ತದೆ.

ಬಸುರಿಯ ಮರೆವಿಗೆ ನಗಬಾರದೆಂದು ನಾನು ಹೇಳುತ್ತಿಲ್ಲ. ಅವಳೂ ಜೊತೆಗೂಡಿ ನಗುತ್ತಾಳೆ. ಆ ನಗೆ ಅವಳ ವಿವೇಕದ ಮೇಲಿನ ತೀರ್ಪಾಗದಿರಲಿ. ಮುಂದೆ ಅವಳು ಮನಸ್ಸಿಗೆ ನೆಮ್ಮದಿಯಿಲ್ಲವೆಂದಾಗ, ನಗುತ್ತಿದ್ದವರು ನಗೆಯನ್ನು ಬದಿಗಿಟ್ಟು ಅವಳ ಮಾತಿಗೆ ಕಿವಿಗೊಡಲಿ.