ದವಡೆಯ ಕೀಲು

ನಾಗರ ಪಂಚಮಿ ಬಂದರೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳಿಗೆ ಎರಡು ಸಂತೋಷ. ಒಂದು ಮನೆಯಲ್ಲಿ ಕಟ್ಟಿದ ಉಂಡಿ. ಇನ್ನೊಂದು ಮರಕ್ಕೆ ಕಟ್ಟಿದ ಜೋಕಾಲಿ. ದೊಡ್ಡ ಉಂಡಿ ಕಡಿಯಲು ಬಾಯಿ ಅಗಲಿಸಿದಾಗ ಕೆಲವರಿಗೆ ಕಿವಿಯ ಹತ್ತಿರ ‘ಕಟ್’ ಎಂದು ಸದ್ದು ಕೇಳಿಸುತ್ತದೆ. ಆ ಸದ್ದು ಕಿವಿಯದಲ್ಲ, ದವಡೆಯ ಕೀಲಿನದು.

ಮಕ್ಕಳೇ, ನಿಮ್ಮ ಎರಡೂ ತೋರುಬೆರಳುಗಳನ್ನು ಕಿವಿಗಳ ಮುಂಭಾಗದಲ್ಲಿ ಇಡಿರಿ. ಬಾಯಿ ತೆರೆಯಿರಿ, ಮುಚ್ಚಿರಿ. ಬೆರಳಿನ ಕೆಳಗೆ ಏನೋ ಸರಿದಾಡುತ್ತದೆಯಲ್ಲವೇ? ಅದು ಕೆಳದವಡೆಯ ಎಲುಬಿನ ತುದಿ. ತಲೆಬುರುಡೆಯಲ್ಲಿರುವ ಒಂದು ಸಣ್ಣ ಕುಳಿಯಲ್ಲಿ ಅದು ಕುಳಿತಿರುತ್ತದೆ. ಎರಡು ಎಲುಬುಗಳು ತಿಕ್ಕಾಡದಂತೆ ನಡುವೆ ತೆಳುವಾದ ಮೆತ್ತೆಯಿದೆ.

ಬಾಗಿಲಿನ ಬಿಜಾಗರಿ ತಿರುಗುತ್ತದೆ, ಅಷ್ಟೇ. ದವಡೆಯ ಕೀಲು ಮೊದಲು ತಿರುಗುತ್ತದೆ, ಬಾಯಿ ಇನ್ನೂ ಅಗಲವಾದಾಗ ಮುಂದಕ್ಕೆ ಜಾರುತ್ತದೆ. ಕೆಳದವಡೆ ಒಂದೇ ಎಲುಬು. ಆದ್ದರಿಂದ ಎಡಬಲದ ಕೀಲುಗಳು ಜೋಡೆತ್ತುಗಳಂತೆ ಕೂಡಿಯೇ ನಡೆಯಬೇಕು. ಒಂದು ನಿಂತರೆ ಇನ್ನೊಂದಕ್ಕೂ ಕಷ್ಟ.

ಬರಿಯ ಸದ್ದಿದ್ದು ನೋವಿಲ್ಲದಿದ್ದರೆ ಚಿಂತೆ ಬೇಡ. ಆದರೆ ಸದಾ ಹಲ್ಲು ಬಿಗಿಹಿಡಿಯುವವರಿಗೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ದವಡೆಯ ಸ್ನಾಯುಗಳು ದಣಿದು ನೋಯುತ್ತವೆ. ಆ ನೋವು ಕಿವಿನೋವಿನಂತೆ, ಕೆಲವೊಮ್ಮೆ ತಲೆನೋವಿನಂತೆ ತೋರುತ್ತದೆ. ಅಂಥವರು ಕೆಲವು ದಿನ ಖಡಕ್ ರೊಟ್ಟಿ ಬಿಟ್ಟು ನುಚ್ಚು, ಅಂಬಲಿ, ಮೆತ್ತಗಿನ ಅನ್ನ ಉಣ್ಣಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹದವಾಗಿ ಕಾವು ಕೊಡಬೇಕು. ಪೆನ್ಸಿಲು, ಉಗುರು ಕಚ್ಚಬಾರದು. ಹೆಚ್ಚಿನವರಿಗೆ ಇಷ್ಟರಿಂದಲೇ ಗುಣವಾಗುತ್ತದೆ. ಆಗದಿದ್ದರೆ ದಂತವೈದ್ಯರನ್ನು ಕಾಣಬೇಕು.

ಅಪರೂಪಕ್ಕೆ, ದೊಡ್ಡದಾಗಿ ಆಕಳಿಸಿದಾಗ ಎಲುಬಿನ ತುದಿ ಕುಳಿಯಿಂದ ಮುಂದೆ ಜಾರಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ತೆರೆದ ಬಾಯಿ ಮುಚ್ಚುವುದೇ ಇಲ್ಲ! ಮನೆಯವರು ಎಳೆದಾಡಬಾರದು. ವೈದ್ಯರು ಹೆಬ್ಬೆರಳುಗಳನ್ನು ಹಿಂದಿನ ಹಲ್ಲುಗಳ ಮೇಲಿಟ್ಟು, ದವಡೆಯನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ಸರಿಸುತ್ತಾರೆ. ಗ್ರೀಸ್ ದೇಶದ ವೈದ್ಯ ಹಿಪ್ಪೊಕ್ರೇಟಸನ ಹೆಸರಿನಲ್ಲಿ ಎರಡು ಸಾವಿರ ವರ್ಷಗಳಿಂದ ಬಂದ ಉಪಾಯವಿದು. ಇಂದಿಗೂ ನಡೆಯುತ್ತದೆ.

ಇನ್ನು ಜೋಕಾಲಿಗೆ ಬರೋಣ. ಜೋಕಾಲಿಯಿಂದಲೋ ಸೈಕಲ್ಲಿನಿಂದಲೋ ಬಿದ್ದು ಗದ್ದಕ್ಕೆ ಪೆಟ್ಟಾಗುತ್ತದೆ. ಗಾಯಕ್ಕೆ ಹೊಲಿಗೆ ಹಾಕುತ್ತಾರೆ. ರಕ್ತ ನಿಲ್ಲುತ್ತದೆ, ಎಲ್ಲರೂ ಮರೆಯುತ್ತಾರೆ. ಆದರೆ ಗದ್ದದ ಪೆಟ್ಟು ಎಲುಬಿನ ಗುಂಟ ಸಾಗಿ ಕಿವಿಯ ಹತ್ತಿರ ತಲುಪುತ್ತದೆ. ಅಲ್ಲಿ ಎಲುಬಿನ ಕುತ್ತಿಗೆ ತೆಳುವಾಗಿದೆ. ಅದು ಮುರಿದಿರಬಹುದು. ಹೊರಗೆ ಏನೂ ಕಾಣುವುದಿಲ್ಲ.

ಮಕ್ಕಳ ಎಲುಬು ಬೇಗ ಕೂಡುತ್ತದೆ. ಬೇರೆ ಕಡೆ ಇದು ಒಳ್ಳೆಯದೇ. ಇಲ್ಲಿ ಮಾತ್ರ ಕೆಲವೊಮ್ಮೆ ಕೀಲೇ ಬೆಸೆದುಹೋಗುತ್ತದೆ. ಬಾಯಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತದೆ. ರೊಟ್ಟಿಯ ತುತ್ತು ಹೋಗುವುದಿಲ್ಲ, ಹಲ್ಲುಜ್ಜಲು ಬರುವುದಿಲ್ಲ. ಕೆಳದವಡೆ ಸರಿಯಾಗಿ ಬೆಳೆಯದೆ ಗದ್ದ ಚಿಕ್ಕದಾಗಿಯೇ ಉಳಿಯುತ್ತದೆ. ಮಲಗಿದಾಗ ಉಸಿರಾಟವೂ ಕಷ್ಟವಾಗಬಹುದು.

ಆದ್ದರಿಂದ ಗದ್ದ ನೆಲಕ್ಕೆ ಬಡಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿರಿ. ಅವ್ವನಿಗೆ ಇಲ್ಲವೆ ಗುರುಗಳಿಗೆ ಹೇಳಿರಿ. ನಿಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಹಿಡಿಯಿರಿ. ಸಾಮಾನ್ಯವಾಗಿ ಮೂರೂ ಹಿಡಿಸುತ್ತವೆ. ಹಿಡಿಸದಿದ್ದರೆ, ಕಿವಿಯ ಮುಂದೆ ನೋವಿದ್ದರೆ, ಬಾಯಿ ತೆರೆದಾಗ ಗದ್ದ ಒಂದು ಬದಿಗೆ ವಾಲಿದರೆ ವೈದ್ಯರಿಗೆ ತೋರಿಸಬೇಕು. (ಗುಟಕಾ ತಿನ್ನುವವರ ಬಾಯಿಯೂ ಕಿರಿದಾಗುತ್ತದೆ. ಅಲ್ಲಿ ಕೆಡುವುದು ಕೀಲಲ್ಲ, ಕೆನ್ನೆಯ ಒಳಪದರ.) ಜತ್ತದಲ್ಲಿ ಗ್ರಾಮೀಣ ಆಸ್ಪತ್ರೆ ಇದೆ. ದೊಡ್ಡ ಚಿಕಿತ್ಸೆಗೆ ಮಿರಜದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಸಾಂಗಲಿಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗಲೂ ಕೇಳಬಹುದು.

ಕೈ ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡಿಸಬೇಡ ಎನ್ನುತ್ತಾರೆ. ದವಡೆಯ ಕೀಲಿನ ಮಾತು ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕೆಲವು ದಿನ ಮೆತ್ತಗಿನ ಊಟ ಕೊಟ್ಟು, ಆಮೇಲೆ ಬಾಯಿ ತೆರೆಯುವ ವ್ಯಾಯಾಮ ಮಾಡಿಸುತ್ತಾರೆ. ಕೀಲು ಆಡುತ್ತಿದ್ದರೆ ಬೆಸೆಯುವ ಭಯ ಕಡಿಮೆ. ಬೆಸೆದೇ ಹೋಗಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಕೂಡಿಕೊಂಡ ಎಲುಬನ್ನು ಕತ್ತರಿಸಿ ತೆಗೆದು, ಸಾಮಾನ್ಯವಾಗಿ ಕಣತಲೆಯ ಸ್ನಾಯುವಿನ ಪದರವನ್ನು ನಡುವೆ ಇಡುತ್ತಾರೆ. ಕೆಲವೇ ದಿನಗಳಲ್ಲಿ ವ್ಯಾಯಾಮ ಸುರುವಾಗುತ್ತದೆ. ನೋಯುತ್ತದೆ, ಮಕ್ಕಳು ಅಳುತ್ತಾರೆ. ಆದರೂ ತಿಂಗಳುಗಟ್ಟಲೆ ದಿನಾಲೂ ಮಾಡಬೇಕು. ನಡುವೆ ಬಿಟ್ಟರೆ ಕೀಲು ಮತ್ತೆ ಬೆಸೆಯಬಹುದು.