ಕಾಸರಗೋಡಿನ ಶಾಲೆಗಳಲ್ಲಿ ಲಿನಕ್ಸ್ ಬೇರೂರಿದ ಬಗೆ

ಕಾಸರಗೋಡು, ಮಂಜೇಶ್ವರ ಭಾಗದ ಸರ್ಕಾರಿ ಮತ್ತು ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ನೆಲೆಗೊಂಡಿರುವುದು ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆಯ ಫಲವಾಗಿದ್ದು, ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಇಂಥ ಮುಕ್ತ ವ್ಯವಸ್ಥೆಯನ್ನು ಕರ್ನಾಟಕದ ಗಡಿಯಾಚೆಯ ಕನ್ನಡ ಮಕ್ಕಳು ತಮ್ಮ ಭಾಷೆಯ ಪಠ್ಯಪುಸ್ತಕದ ಮೂಲಕವೇ ಕಲಿಯುತ್ತಾರೆ. ಎಸ್ಸೆಸ್ಸೆಲ್ಸಿಯ ಮಾಹಿತಿ ತಂತ್ರಜ್ಞಾನ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ನಡೆಯುವುದರಿಂದ, ಯಂತ್ರ ಕೈಕೊಡದೆ ನಡೆಯುವುದು ಇಲ್ಲಿ ಪರೀಕ್ಷೆಯ ಅಗತ್ಯವೇ ಆಗಿದೆ.

ಆದರೆ ಲಿನಕ್ಸಿನ ವಿಶ್ವಾಸಾರ್ಹತೆಯ ಬಗೆಗಿನ ಹಳೆಯ ದೂರುಗಳಲ್ಲಿ ಹಲವು ಹುಟ್ಟಿದ್ದು ಯಂತ್ರಾಂಶದ ಅಂಚಿನಲ್ಲಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ 386 ಪ್ರೊಸೆಸರಿನ ಯಂತ್ರಕ್ಕೆಂದು ಬರೆದ ಲಿನಕ್ಸ್ ಕರ್ನೆಲ್, ಅಂದರೆ ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಹಂಚುವ ತಿರುಳು, ಹೊಸ ಬಿಡಿಭಾಗವನ್ನು ಗುರುತಿಸಬೇಕಾದರೆ ಆ ಭಾಗದೊಡನೆ ಮಾತನಾಡಬಲ್ಲ ಡ್ರೈವರ್ ಎಂಬ ಕಿರು ತಂತ್ರಾಂಶವನ್ನು ಬೇಡುತ್ತದೆ. ಚಿಪ್ ತಯಾರಕರು ವಿವರಗಳನ್ನು ಗುಟ್ಟಾಗಿಟ್ಟರೆ ಸ್ವಯಂಸೇವಕರು ಚಿಪ್ಪಿನ ನಡವಳಿಕೆಯನ್ನು ಗಮನಿಸಿಯೇ ಡ್ರೈವರ್ ಕಟ್ಟಬೇಕಾಗುತ್ತದೆ. ಬ್ರಾಡ್‌ಕಾಮ್‌ನ ವೈಫೈ ಚಿಪ್ಪುಗಳಿಗೆ ಹೀಗೆ ಕಟ್ಟಿದ ಡ್ರೈವರ್ 2006ರಲ್ಲಿ ಕರ್ನೆಲ್ ಸೇರಿತು, ಕಂಪನಿಯೇ ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ನೀಡಿದ್ದು 2010ರಲ್ಲಿ.

ಈ ಗುರುತಿಸುವಿಕೆ ನಡೆಯುವ ಬಗೆ ಸರಳವಾದುದು. ಮದರ್‌ಬೋರ್ಡಿನ ಪಿಸಿಐ ಎಂಬ ಜೋಡಣಾ ವ್ಯವಸ್ಥೆಗೆ ಸೇರಿದ ಪ್ರತಿಯೊಂದು ಸಾಧನವೂ ತಯಾರಕ ಮತ್ತು ಮಾದರಿಯನ್ನು ಸೂಚಿಸುವ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್ಪೊಂದು 10ಇಸಿ:8168 ಎಂಬ ಗುರುತು ಹೇಳಿದೊಡನೆ ಕರ್ನೆಲ್ ತನ್ನ ಪಟ್ಟಿಯಲ್ಲಿ ಅದಕ್ಕೆ ತಾಳೆಯಾಗುವ ಡ್ರೈವರನ್ನು ಎತ್ತಿಕೊಳ್ಳುತ್ತದೆ, ಪಟ್ಟಿಯಲ್ಲಿ ಗುರುತಿಲ್ಲದಿದ್ದರೆ ಕೇಬಲ್ ಸರಿಯಾಗಿದ್ದರೂ ಸಂಪರ್ಕ ಸಿಗದು. ಡ್ರೈವರುಗಳಲ್ಲಿ ಹೆಚ್ಚಿನವು ಕರ್ನೆಲ್‌ನ ಭಾಗವಾಗಿಯೇ ಉಳಿದು ಅದರೊಡನೆ ತಿದ್ದಿಸಿಕೊಳ್ಳುವುದರಿಂದ, ತಯಾರಕರು ಮರೆತ ಹಳೆಯ ಸಾಧನವೂ ವರ್ಷಗಟ್ಟಲೆ ಓಡುತ್ತದೆ.

ಕೇರಳವು ಈ ಗುಣವನ್ನು ಆಡಳಿತದ ಶಿಸ್ತಿನೊಂದಿಗೆ ಬೆಸೆಯಿತು. ಲಿನಕ್ಸಿನ ಸಿದ್ಧ ರೂಪಗಳಾದ ಡೆಬಿಯನ್ ಅನ್ನು ಮೊದಲು, ಉಬುಂಟುವನ್ನು ಅನಂತರ ಆಧರಿಸಿ ರಾಜ್ಯದ ಶಾಲೆಗಳಿಗೆಲ್ಲ ಒಂದೇ ಆವೃತ್ತಿಯನ್ನು ಸಿದ್ಧಪಡಿಸಿ, ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಿದ್ದರಿಂದ, ಒಂದು ಶಾಲೆಯಲ್ಲಿ ಕಂಡ ತೊಡಕಿನ ಪರಿಹಾರ ಉಳಿದ ಶಾಲೆಗಳಿಗೂ ಹೊಂದುವಂತಾಯಿತು. 2017ರಲ್ಲಿ ಯೋಜನೆಯು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿ, 45,000 ತರಗತಿಗಳನ್ನು ಹೈಟೆಕ್ ಮಾಡುವ ಹೊಣೆ ಹೊತ್ತಿತು, ಉಬುಂಟು 18.04ನ್ನು ಆಧರಿಸಿದ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅಳವಡಿಸುವುದರಿಂದ ಸುಮಾರು 3,000 ಕೋಟಿ ರೂಪಾಯಿ ಉಳಿಯುವುದೆಂದು ಅದು 2019ರಲ್ಲಿ ಅಂದಾಜಿಸಿತು.

ಹಾಗೆಂದು ಹಳೆಯ ಯಂತ್ರಗಳಿಗೆ ಲಿನಕ್ಸ್ ಅಮರತ್ವದ ವರವನ್ನೇನೂ ಕೊಟ್ಟಿಲ್ಲ: ತಾನು ಹುಟ್ಟಿದ 386 ಪ್ರೊಸೆಸರನ್ನೇ ಅದು 2013ರ 3.8 ಆವೃತ್ತಿಯಲ್ಲಿ ಕೈಬಿಟ್ಟಿತು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿದಾಗ, ಹೊಸ ಆವೃತ್ತಿಯ ಷರತ್ತಿಗೆ ಒಗ್ಗದ ಎಷ್ಟೋ ಸುಸ್ಥಿತಿಯ ಯಂತ್ರಗಳು ಒಂದೇ ದಿನಾಂಕಕ್ಕೆ ಹಳತಾದವು. ಲಿನಕ್ಸಿನಲ್ಲಾದರೋ ಒಂದು ಸಾಧನದ ಆಯುಷ್ಯವು ಅದನ್ನು ಬಳಸುವವರೂ ತಿದ್ದುವವರೂ ಎಷ್ಟು ಕಾಲ ಉಳಿಯುತ್ತಾರೆಂಬುದನ್ನು ಅವಲಂಬಿಸಿದ್ದು, ಕೇರಳದ ಶಾಲೆಗಳು ಗಳಿಸಿಕೊಂಡದ್ದು ಅಂಥ ಬಳಗವನ್ನೇ.